ಮೊದಲು ಉತ್ತರದ ತಃಖ್ತೆ, ಆಮೇಲೆ ಪ್ರಶ್ನೆ

ಮಂಡ್ಯ ಜಿಲ್ಲೆಯ ಶಾಸಕರೊಬ್ಬರಿಗೆ ವಿಧಾನಸಭೆಯ ಪ್ರಶ್ನೆಗಳನ್ನು ಬರೆದುಕೊಡುವುದು ನನ್ನ ಕೆಲಸ. ಇಲಾಖೆಯವರ ಬಾಯಲ್ಲಿ ಇದು ‘ಎಲ್‌ಎಕ್ಯೂ’, ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಪತ್ರದ ತಲೆಯ ಮೇಲೆ ಈ ಮೂರಕ್ಷರ ಕಂಡರೆ ಸಾಕು, ತಿಂಗಳುಗಟ್ಟಲೆ ಅಲುಗಾಡದ ಕಡತ ಒಂದೇ ದಿನದಲ್ಲಿ ಮೇಜಿಗೆ ಬರುತ್ತದೆ. ಇಷ್ಟು ಬಲವಿರುವ ಹಕ್ಕನ್ನು ಸಡಿಲ ವಾಕ್ಯಗಳಲ್ಲಿ ಪೋಲು ಮಾಡುತ್ತಿದ್ದೇವಲ್ಲ ಎಂಬುದು ನನ್ನ ಕೊರಗು.

ಪೋಲಾಗುವ ಪ್ರಶ್ನೆ ಹೀಗಿರುತ್ತದೆ: ‘(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು?’ ಇದಕ್ಕೆ ಬರುವ ಉತ್ತರವನ್ನು ಯಾರು ಬೇಕಾದರೂ ಈಗಲೇ ಬರೆದಿಡಬಹುದು: ‘ಬಂದಿದೆ. ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುತ್ತಿದೆ.’ ‘ಬಂದಿಲ್ಲ’ ಎಂದುಬಿಟ್ಟರಂತೂ (ಆ) ಭಾಗದ ಎದುರು ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿದಾಗ ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ದಿವಾನರ ಮುಂದೆ ಅಹವಾಲು ಹೇಳಿಕೊಂಡು ಹೋಗುತ್ತಿದ್ದರು. ಇಂದಿನ ಶಾಸಕರ ಕೈಯಲ್ಲಿರುವುದು ಅಹವಾಲಲ್ಲ, ಪ್ರಶ್ನೆ. ಆದರೂ ಬರೆಯುವಾಗ ಅಹವಾಲಿನ ಧಾಟಿಯೇ ನುಸುಳುತ್ತದೆ.

ನಾನು ಪ್ರಶ್ನೆಯಿಂದ ಶುರು ಮಾಡುವುದಿಲ್ಲ. ಒಂದು ಹಾಳೆಯಲ್ಲಿ ಉತ್ತರದ ತಃಖ್ತೆ, ಅಂದರೆ ಉತ್ತರ ತುಂಬಬೇಕಾದ ಖಾಲಿ ಪಟ್ಟಿ, ಗೆರೆ ಹಾಕುತ್ತೇನೆ. ಜಿಲ್ಲಾ ಕಚೇರಿಯ ಗುಮಾಸ್ತರು ತುಂಬಿ ಕಳಿಸಬೇಕಾದ ಕಲಂಗಳು ಯಾವುವು? ಪ್ರತಿ ಕಲಮಿನ ಮಾಹಿತಿ ಈಗಾಗಲೇ ಯಾವ ವಹಿಯಲ್ಲಿ, ಯಾವ ತಂತ್ರಾಂಶದಲ್ಲಿ ಇದೆ? ಯಾವ ದಾಖಲೆಯಲ್ಲೂ ಇಲ್ಲದ ಕಲಂ ಕೇಳಿದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದು ಅಧಿವೇಶನವೇ ಮುಗಿಯುತ್ತದೆ. ಇರುವ ದಾಖಲೆಯನ್ನೇ ಹೆಸರಿಸಿ ಕೇಳಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ತಃಖ್ತೆ ಸಿದ್ಧವಾದ ಮೇಲೆ ಒಂದೊಂದು ಕಲಮನ್ನೂ (ಅ), (ಆ), (ಇ) ಆಗಿ ವಾಕ್ಯಕ್ಕೆ ಇಳಿಸುವುದು ಅರ್ಧ ಗಂಟೆಯ ಕೆಲಸ.

ಆರೋಗ್ಯ ಕೇಂದ್ರದ ಪ್ರಶ್ನೆಯನ್ನೇ ಹೀಗೆ ಕಟ್ಟಿ ನೋಡಿ. ಮೊದಲ ಕಲಂ ಕೇಂದ್ರದ ಹೆಸರು. ನಂತರ ಮಂಜೂರಾದ ಹುದ್ದೆ, ವೃಂದವಾರು: ವೈದ್ಯಾಧಿಕಾರಿ, ಶುಶ್ರೂಷಾಧಿಕಾರಿ, ಫಾರ್ಮಸಿ ಅಧಿಕಾರಿ, ಪ್ರಯೋಗಶಾಲಾ ತಂತ್ರಜ್ಞ. ಆಮೇಲೆ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಖಾಲಿ ಎಷ್ಟು. ಬಹಳಷ್ಟು ಪ್ರಶ್ನೆಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ಸಂಗತಿ ಮುಂದಿನ ಕಲಮಿನಲ್ಲಿದೆ: ನಿಯೋಜನೆ. ಹುದ್ದೆ ‘ಭರ್ತಿ’, ಸಂಬಳ ಈ ಕೇಂದ್ರದ ಲೆಕ್ಕದಿಂದ, ಆದರೆ ವೈದ್ಯರು ವಾರದ ಆರು ದಿನವೂ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ. ಊರವರು ‘ಡಾಕ್ಟ್ರೇ ಇಲ್ಲ’ ಎನ್ನುತ್ತಾರೆ, ದಾಖಲೆ ‘ಖಾಲಿ: ಸೊನ್ನೆ’ ಎನ್ನುತ್ತದೆ; ಎರಡೂ ಸುಳ್ಳಲ್ಲ. ಹಾಗಾಗಿ ನನ್ನ (ಇ) ಭಾಗ ಯಾವಾಗಲೂ ಹೀಗೆ: ‘ಭರ್ತಿಯಾಗಿರುವ ಹುದ್ದೆಗಳಲ್ಲಿ ಎಷ್ಟು ಮಂದಿ ನಿಯೋಜನೆ ಅಥವಾ ಹೆಚ್ಚುವರಿ ಪ್ರಭಾರದ ಮೇಲೆ ಬೇರೆಡೆ ಕರ್ತವ್ಯ ನಿರ್ವಹಿಸುತ್ತಿದ್ದಾರೆ, ನಿಯೋಜನೆಯ ಆದೇಶದ ದಿನಾಂಕ ಹಾಗೂ ಅವಧಿ ಯಾವುದು? (ಕೇಂದ್ರವಾರು ಮಾಹಿತಿ ನೀಡುವುದು)’. ಹೆಸರು ಕೇಳುವುದಿಲ್ಲ. ಹೆಸರು ಕೇಳಿದ ಕೂಡಲೇ ವ್ಯಕ್ತಿಯ ಮೇಲಿನ ಆಪಾದನೆ ಎಂಬ ಆಕ್ಷೇಪ ಏಳುತ್ತದೆ, ನಮಗೆ ಬೇಕಾದ ವ್ಯವಸ್ಥೆಯ ಲೆಕ್ಕ ಕೈತಪ್ಪುತ್ತದೆ.

ಆವರಣದೊಳಗಿನ ಆ ‘ಕೇಂದ್ರವಾರು’ ಎಂಬ ಮಾತು ಬಿಟ್ಟುಹೋದರೆ ಇಡೀ ಜಿಲ್ಲೆಗೆ ಒಂದೇ ಮೊತ್ತ ಬರುತ್ತದೆ. ಮೊತ್ತದಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ದಿನಾಂಕವೂ ಅಷ್ಟೇ ಮುಖ್ಯ. ‘ಪ್ರಸ್ತುತ’ ಎಂದು ಬರೆದರೆ ಒಂದು ತಾಲ್ಲೂಕಿನವರು ಮಾರ್ಚ್ ಅಂತ್ಯದ ಅಂಕಿ, ಇನ್ನೊಬ್ಬರು ಮೊನ್ನೆಯದು ಕೊಡುತ್ತಾರೆ. ‘ಕಳೆದ ಮೂರು ವರ್ಷ’ ಎಂಬುದಂತೂ ಬೇಡವೇ ಬೇಡ. ಆರ್ಥಿಕ ವರ್ಷಗಳನ್ನು ಅಂಕಿಯಲ್ಲೇ ಬರೆಯಬೇಕು. ಅನುದಾನದ ವಿಷಯವಾದರೆ ನಿಗದಿ, ಬಿಡುಗಡೆ, ವೆಚ್ಚ ಈ ಮೂರನ್ನೂ ಬೇರೆ ಬೇರೆ ಕೇಳಬೇಕು. ‘ಒದಗಿಸಿದ ಅನುದಾನ’ ಎಂದರೆ ಬಜೆಟ್ಟಿನ ನಿಗದಿಯನ್ನೇ ತೋರಿಸಿ ಕೈತೊಳೆದುಕೊಳ್ಳುತ್ತಾರೆ.

ನಾಲೆಯ ನೀರಿನ ಪ್ರಶ್ನೆಗೂ ಇದೇ ಕ್ರಮ. ‘ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗಕ್ಕೆ ನೀರು ತಲುಪುತ್ತಿದೆಯೇ’ ಎಂದರೆ ‘ತಲುಪಿಸಲು ಕ್ರಮ ವಹಿಸಲಾಗಿದೆ’ ಎನ್ನುತ್ತಾರೆ. ಕಟ್ಟು ಪದ್ಧತಿಯಲ್ಲಿ (ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕ್ರಮ) ಯಾವ ದಿನದಿಂದ ಯಾವ ದಿನದವರೆಗೆ ನೀರು ಬಿಡಲಾಯಿತು, ವಿತರಣಾ ನಾಲೆಯ ತಲೆಯಲ್ಲಿ ಎಷ್ಟು ಕ್ಯೂಸೆಕ್, ಗೇಜ್ ಇರುವ ಕೊನೆಯ ಜಾಗದಲ್ಲಿ ದಿನವಾರು ಎಷ್ಟು ದಾಖಲಾಯಿತು, ನೀರುಗಂಟಿಗಳ ಸಂಖ್ಯೆ ಎಷ್ಟು, ಒಬ್ಬೊಬ್ಬರ ಪಾಲಿಗೆ ಎಷ್ಟು ಉದ್ದದ ನಾಲೆ ಎಂದು ಕೇಳಿದರೆ ಮದ್ದೂರು, ಮಳವಳ್ಳಿ ಕಡೆಯ ರೈತ ಮೊದಲಿನಿಂದ ಹೇಳುತ್ತಿದ್ದ ಮಾತು ಸರ್ಕಾರದ ಅಂಕಿಯಲ್ಲೇ ಕಾಣುತ್ತದೆ.

ಕಬ್ಬಿನ ಬಾಕಿಯಲ್ಲಿ ಮೋಸ ಹೋಗುವುದು ಸಮಯದ ವಿಷಯದಲ್ಲಿ. ಉತ್ತರ ಸಿದ್ಧವಾಗುವ ಹೊತ್ತಿಗೆ ಹಂಗಾಮು ಮುಗಿದು ಹಣ ಪಾವತಿಯಾಗಿದ್ದರೆ ‘ಬಾಕಿ ಇರುವುದಿಲ್ಲ’ ಎಂಬುದು ಸತ್ಯವೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆದ್ದರಿಂದ ಬಾಕಿ ಕೇಳದೆ, ಕಾರ್ಖಾನೆವಾರು 14 ದಿನದೊಳಗೆ ಪಾವತಿಸಿದ್ದೆಷ್ಟು, ಆಮೇಲೆ ಪಾವತಿಸಿದ್ದೆಷ್ಟು, ಆ ಅವಧಿಗೆ ಕೊಟ್ಟ ಬಡ್ಡಿ ಎಷ್ಟು, ಎಫ್‌ಆರ್‌ಪಿಯಿಂದ (ಕೇಂದ್ರ ನಿಗದಿ ಮಾಡುವ ಕಬ್ಬಿನ ನ್ಯಾಯಯುತ ದರ) ಕಟಾವು ಮತ್ತು ಸಾಗಾಣಿಕೆಗೆ ಟನ್ನಿಗೆ ಕಡಿತ ಮಾಡಿದ್ದೆಷ್ಟು ಎಂದು ಕೇಳುತ್ತೇನೆ. ಬಡ್ಡಿಯ ಕಲಂ ಖಾಲಿ ಬಂದರೆ ಅದೇ ಉಪಪ್ರಶ್ನೆ.

ಇನ್ನು ಪ್ರಶ್ನೆ ಯಾರಿಗೆ? ಇಲ್ಲಿ ತಪ್ಪಿದರೆ ಒಳ್ಳೆಯ ಪ್ರಶ್ನೆಯೂ ಸಾಯುತ್ತದೆ. ಇಲಾಖೆಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ದಿನ ಕೊಟ್ಟಿರುತ್ತಾರೆ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ಸರಿಯಾದ ಇಲಾಖೆಗೆ ವರ್ಗಾವಣೆಯಾಗುವಷ್ಟರಲ್ಲಿ ಆ ದಿನ ಕಳೆದಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು. ಮಂಡ್ಯದ ಮಿಮ್ಸ್ ಆಸ್ಪತ್ರೆ ವೈದ್ಯಕೀಯ ಶಿಕ್ಷಣದ್ದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ ಇಬ್ಬರೂ ‘ನಮಗೆ ಸಂಬಂಧಿಸಿದ್ದಲ್ಲ’ ಎನ್ನಬಹುದು.

ಎಲ್ಲಕ್ಕಿಂತ ತೊಡಕು ಕೆರೆಯದು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯದು, ಪ್ರಶ್ನೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ. 40ರಿಂದ 2000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ. ನಾಲೆಯ ನೀರಿನಿಂದ ತುಂಬುವ ಕೆರೆಯಾದರೆ ಕಾವೇರಿ ನೀರಾವರಿ ನಿಗಮ ಬರುತ್ತದೆ, ಅಂದರೆ ಜಲಸಂಪನ್ಮೂಲ. ಅಂಗಳದ ಒತ್ತುವರಿಯಾದರೆ ಕಂದಾಯ. ಒಂದು ಕೆರೆಯ ಹೂಳು, ತೂಬು, ಒತ್ತುವರಿ ಮೂರನ್ನೂ ಕೇಳಬೇಕಾದರೆ ಮೂರು ಪ್ರಶ್ನೆ ಬರೆಯುತ್ತೇನೆ, ಪ್ರತಿಯೊಂದರಲ್ಲೂ ಸರ್ವೆ ನಂಬರ್ ಮತ್ತು ಅಚ್ಚುಕಟ್ಟಿನ ವಿಸ್ತೀರ್ಣ ಹಾಕಿ. ವಿಸ್ತೀರ್ಣ ಪ್ರಶ್ನೆಯಲ್ಲೇ ಇದ್ದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ನುಣುಚು ಕಡಿಮೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಪ್ರಶ್ನೆಗಳೂ ಹೀಗೇ ಬಿದ್ದುಹೋಗುತ್ತವೆ. ಅದು ರಾಷ್ಟ್ರೀಯ ಹೆದ್ದಾರಿ 275. ನಿರ್ಮಾಣ, ಟೋಲ್ ಎಲ್ಲ ಕೇಂದ್ರದ್ದು. ಕೇಂದ್ರದ ವಿಷಯಕ್ಕೆ ರಾಜ್ಯದ ಸಚಿವರು ಉತ್ತರ ಹೇಳಬೇಕಾಗಿಲ್ಲ. ಆದರೆ ಮಂಡ್ಯ ಜಿಲ್ಲೆಯ ಠಾಣೆಗಳಲ್ಲಿ ದಾಖಲಾದ ಅಪಘಾತಗಳ ಲೆಕ್ಕ ಒಳಾಡಳಿತ ಇಲಾಖೆಯ ಬಳಿ ಇದೆ. ಠಾಣಾವಾರು, ತಿಂಗಳುವಾರು ಕೇಳಿ, ಸರ್ವಿಸ್ ರಸ್ತೆಯದು ಬೇರೆ, ಮುಖ್ಯ ಪಥದ್ದು ಬೇರೆ. ಕಾವೇರಿ ನೀರು ಹಂಚಿಕೆಯ ವಿಷಯದಲ್ಲೂ ನ್ಯಾಯಾಲಯದ ಮುಂದಿರುವುದನ್ನು ಮುಟ್ಟದೆ, ನಮ್ಮ ನಾಲೆಗಳಿಗೆ ಬಿಟ್ಟ ನೀರಿನ ದಾಖಲೆಯನ್ನಷ್ಟೇ ಕೇಳಬೇಕು.

ವಾಕ್ಯದಲ್ಲಿ ಸಿಟ್ಟು ಬೇಡ. ವಾದ, ವ್ಯಂಗ್ಯ, ಊಹೆ, ‘ಸಚಿವರ ಅಭಿಪ್ರಾಯವೇನು’ ಎಂಬಂಥದ್ದು ಇದ್ದರೆ ಸಚಿವಾಲಯದಲ್ಲೇ ತಿರಸ್ಕಾರ. ‘ಅಧಿಕಾರಿಗಳ ನಿರ್ಲಕ್ಷ್ಯದಿಂದ’ ಎಂಬ ಎರಡು ಪದಕ್ಕೆ ಇಡೀ ಪ್ರಶ್ನೆ ವಾಪಸ್ ಬರಬಹುದು. ಕಳಿಸುವ ಮೊದಲು ವಿಧಾನಸಭೆಯ ಜಾಲತಾಣದಲ್ಲಿ ಹಿಂದಿನ ಅಧಿವೇಶನಗಳ ಉತ್ತರಗಳನ್ನು ಹುಡುಕಿ ನೋಡುತ್ತೇನೆ. ಅದೇ ವಿಷಯಕ್ಕೆ ಬೇರೆ ಶಾಸಕರಿಗೆ ಬಂದ ಉತ್ತರ ಸಿಕ್ಕರೆ ಬಂಗಾರ. ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ನಮ್ಮ ಪ್ರಶ್ನೆ ಶುರು. ತಾಲ್ಲೂಕು ಕೆಡಿಪಿ ಸಭೆಗೆ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ) ಶಾಸಕರೇ ಅಧ್ಯಕ್ಷರು, ಪ್ರಗತಿ ವರದಿ ಅಲ್ಲೇ ಸಿಗುತ್ತದೆ. ಅಲ್ಲಿ ಸಿಗುವ ಅಂಕಿಗೆ ಸದನದ ಪ್ರಶ್ನೆ ಖರ್ಚು ಮಾಡಬಾರದು. ಕೊನೆಯ ದಿನಾಂಕ ಸಚಿವಾಲಯದ ಲಘು ಪ್ರಕಟಣೆಯಲ್ಲಿ ಬರುತ್ತದೆ. ಅದು ಬರುವ ಮೊದಲೇ ಕರಡು ಸಿದ್ಧವಿರಬೇಕು. ಪ್ರಕಟಣೆ ನೋಡಿ ಬರೆಯಲು ಕೂತರೆ ಮತ್ತೆ ‘ಗಮನಕ್ಕೆ ಬಂದಿದೆಯೇ’ ಎಂದೇ ಕೈ ಓಡುತ್ತದೆ.

ದೊಡ್ಡ ತಃಖ್ತೆಯ ಪ್ರಶ್ನೆಗಳನ್ನು ಚುಕ್ಕೆ ಗುರುತಿಲ್ಲದವುಗಳಲ್ಲಿ ಹಾಕಿಸುತ್ತೇನೆ. ಲಿಖಿತ ಉತ್ತರ ಸಾಕು. ಸಚಿವರ ಬಾಯಿಂದಲೇ ದಿನಾಂಕ ಹೇಳಿಸಬೇಕಾದದ್ದು ಮಾತ್ರ ಚುಕ್ಕೆ ಗುರುತಿನದು. ಅದಕ್ಕೆ ಶಾಸಕರ ಕೈಗೆ ಒಂದೇ ಪುಟ ಕೊಡಬೇಕು: ಮೂರು ಉಪಪ್ರಶ್ನೆ, ಒಂದೊಂದೂ ಎರಡು ಸಾಲು, ಎದುರಿಗೆ ಅನುಬಂಧದ ಪುಟಸಂಖ್ಯೆ. ‘ಅನುಬಂಧ-2ರ ಇಂಥ ಸಾಲಿನಲ್ಲಿ ನಿಯೋಜನೆಯ ಅವಧಿ ಮುಗಿದಿದೆ ಎಂದಿದೆ, ಮರಳಿ ಕಳಿಸುವುದು ಯಾವ ದಿನ?’ ಎಂದು ಕೇಳಿದರೆ ಸಚಿವರು ಭಾಷಣಕ್ಕೆ ಹೊರಳಲಾರರು. ಇಂಥದ್ದಕ್ಕೆ ಪೀಠಿಕೆ ಹಾಕಿದರೆ ಸಮಯ ಅದಕ್ಕೇ ಹೋಗುತ್ತದೆ. ಶಾಸಕರು ಸದನದಲ್ಲಿ ಇಲ್ಲದಿದ್ದರೆ ಉಪಪ್ರಶ್ನೆಯ ಅವಕಾಶವೂ ಇಲ್ಲ.

ಉತ್ತರ ಬಂದ ವಾರದಲ್ಲೇ ಅನುಬಂಧದೊಂದಿಗೆ ಜಾಗಕ್ಕೆ ಹೋಗಿ ತಾಳೆ ನೋಡಬೇಕು. ಸಾಲುಗಳ ಕೂಡಿಕೆ ಮೊತ್ತಕ್ಕೆ ಸರಿಹೊಂದುತ್ತದೆಯೇ, ಹಿಂದಿನ ವರ್ಷದ ಅಂಕಿಯೇ ದಿನಾಂಕ ಬದಲಾಗಿ ಬಂದಿದೆಯೇ ಎಂಬುದನ್ನು ಮೊದಲು ನೋಡುತ್ತೇನೆ. ತಪ್ಪಿದ್ದರೆ ತಕ್ಷಣ ಹಕ್ಕುಚ್ಯುತಿಗೆ ಹೋಗಬೇಕಿಲ್ಲ. ಸಚಿವರಿಗೆ ಪತ್ರ, ಸಭಾಧ್ಯಕ್ಷರಿಗೆ ಪ್ರತಿ, ಜೊತೆಗೆ ನಾವು ಕಂಡದ್ದರ ತಃಖ್ತೆ. ಸಚಿವರು ಸದನದಲ್ಲಿ ‘ಮಾಡುತ್ತೇವೆ’ ಎಂದ ಪ್ರತಿ ಮಾತನ್ನೂ ಒಂದು ವಹಿಯಲ್ಲಿ ಬರೆದಿಡುತ್ತೇನೆ: ದಿನಾಂಕ, ಪ್ರಶ್ನೆ ಸಂಖ್ಯೆ, ಆಡಿದ ಮಾತು ಹಾಗೆಯೇ, ಹೇಳಿದ ಗಡುವು. ಗಡುವು ದಾಟಿದರೆ ಸರ್ಕಾರಿ ಭರವಸೆಗಳ ಸಮಿತಿಗೆ ಬರೆಯಲು ಈ ನಾಲ್ಕು ಕಲಂ ಸಾಕು.

ಶಾಸಕರ ತನಕ ಹೋಗಲಾಗದ ಊರಿನವರಿಗೂ ಇದೇ ತಃಖ್ತೆ ಕೆಲಸಕ್ಕೆ ಬರುತ್ತದೆ. ಸಂಸತ್ತಿಗೆ ಅಥವಾ ರಾಜ್ಯ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 8(1)ನೇ ಪ್ರಕರಣ 2025ರ ನವೆಂಬರ್‌ವರೆಗೆ ಹೇಳುತ್ತಿತ್ತು; ತಿದ್ದುಪಡಿಯಲ್ಲಿ ಆ ಮಾತು ಹೋಗಿದ್ದರೂ ಅರ್ಜಿ ಹಾಕುವ ದಾರಿ ಇದೆ. ಅರ್ಜಿಯ ಜೊತೆ ಹಳೆಯ ಉತ್ತರದ ಪ್ರಶ್ನೆ ಸಂಖ್ಯೆ, ದಿನಾಂಕ ಬರೆದು, ಅದೇ ಅನುಬಂಧದ ಕಲಂಗಳನ್ನು ಇಂದಿನ ದಿನಾಂಕಕ್ಕೆ ಕೇಳಿ. ಉತ್ತರಕ್ಕೆ ಇರುವ ಗಡುವು 30 ದಿನ.