ಮಗುವಿನ ಶಾಲಾ ದಾಖಲಾತಿ: ತೀರ್ಮಾನ ಎಲ್ಲಿ, ಯಾರಿಂದ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳ ಜಗಲಿಯಲ್ಲಿ ಕಾಗದಪತ್ರಗಳ ಚೀಲ ಹಿಡಿದ ತಂದೆ ತಾಯಿಯರು ಕಾಣಿಸಿಕೊಳ್ಳುತ್ತಾರೆ. ಮಗುವನ್ನು ಸೇರಿಸಿಕೊಳ್ಳುವುದೂ ಬಿಡುವುದೂ ಎದುರಿಗೆ ಕುಳಿತ ಮುಖ್ಯ ಶಿಕ್ಷಕರ ಮರ್ಜಿಗೆ ಸೇರಿದ್ದು ಎಂದೇ ಅವರಲ್ಲಿ ಬಹಳ ಮಂದಿ ನಂಬಿರುತ್ತಾರೆ. ಹಾಗಿಲ್ಲ. ವಯಸ್ಸಿನ ಮಿತಿ, ಶಾಲೆಯ ದೂರ, ಕೇಳಬಹುದಾದ ದಾಖಲೆ, ನಡುವರ್ಷದ ಸೇರ್ಪಡೆ ಇವೆಲ್ಲವೂ ಬೇರೆ ಬೇರೆ ಹಂತಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತವೆ. ಆ ಹಂತಗಳನ್ನು ಅರಿತ ಪೋಷಕರು ಯಾವ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕೆಂದು ಬಲ್ಲರು. ಅರಿಯದವರು 'ಸೀಟಿಲ್ಲ' ಎಂಬ ಒಂದೇ ಮಾತಿಗೆ ಮನೆಗೆ ಮರಳುತ್ತಾರೆ.

ಮೊದಲು ಕಾನೂನಿನ ತಳಹದಿಯನ್ನು ನೋಡೋಣ. 2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳ ಉಚಿತ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದನ್ನು ಕಾರ್ಯರೂಪಕ್ಕೆ ತಂದ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕರ್ನಾಟಕವು 2012ರಲ್ಲಿ ತನ್ನ ನಿಯಮಗಳನ್ನು ರೂಪಿಸಿತು. ಈ ಕಾಯಿದೆಯ 9ನೇ ಪ್ರಕರಣವನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು ಎಂಬುದು ನನ್ನ ಬಹುದಿನದ ಆಸೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ನೆರೆಹೊರೆಯಲ್ಲಿ ಶಾಲೆ ಸಿಗುವಂತೆ ನೋಡಿಕೊಳ್ಳುವುದು, ಪ್ರತಿ ಮಗುವಿನ ದಾಖಲಾತಿಯನ್ನೂ ಹಾಜರಾತಿಯನ್ನೂ ಗಮನಿಸುವುದು, ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಇವೆಲ್ಲವನ್ನೂ ಅದು ಸ್ಥಳೀಯ ಪ್ರಾಧಿಕಾರದ, ಅಂದರೆ ಪಂಚಾಯಿತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಯ ಕರ್ತವ್ಯಗಳೆಂದು ಹೇಳುತ್ತದೆ. ಮಗುವನ್ನು ಶಾಲೆಗೆ ಕಳಿಸುವುದು ಪೋಷಕರ ಕರ್ತವ್ಯವೆಂದು ಅದೇ ಕಾಯಿದೆಯ 10ನೇ ಪ್ರಕರಣ ಹೇಳುವುದೂ ನಿಜ. ಆದರೆ ಬಂದ ಮಗುವಿಗೆ ಸ್ಥಳವಿಲ್ಲ ಎನ್ನುವ ಅವಕಾಶವನ್ನು ಕಾನೂನು ಸ್ಥಳೀಯ ಆಡಳಿತಕ್ಕೆ ಕೊಟ್ಟಿಲ್ಲ.

ಇನ್ನು ತೀರ್ಮಾನಗಳು ಇಳಿದು ಬರುವ ದಾರಿ. ಶೈಕ್ಷಣಿಕ ವರ್ಷದ ವೇಳಾಪಟ್ಟಿ ಮತ್ತು ವಯಸ್ಸಿನ ನಿಯಮವನ್ನು ರಾಜ್ಯದ ಶಾಲಾ ಶಿಕ್ಷಣ ಇಲಾಖೆ ಸುತ್ತೋಲೆಯ ಮೂಲಕ ಹೊರಡಿಸುತ್ತದೆ. ಜಿಲ್ಲೆಯ ಮಟ್ಟದಲ್ಲಿ ಉಪನಿರ್ದೇಶಕರು ಅದರ ಜಾರಿಗೆ ಹೊಣೆಗಾರರು. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿರುವ ಬಿಇಒ, ಶಾಲೆಗಳ ನಡುವೆ ಹೊಂದಾಣಿಕೆ ಮಾಡುತ್ತಾರೆ. ಅವರ ಕೆಳಗೆ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇರುತ್ತಾರೆ; ಹಳ್ಳಿಯ ಪೋಷಕರಿಗೆ ಸುಲಭವಾಗಿ ಸಿಗುವ ಅಧಿಕಾರಿ ಇವರೇ. ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು: ಕಂದಾಯ ತಾಲ್ಲೂಕು ಮತ್ತು ಶೈಕ್ಷಣಿಕ ವಲಯ ಯಾವಾಗಲೂ ಒಂದೇ ಆಗಿರುವುದಿಲ್ಲ. ಬೀರೂರು ಕಡೂರು ತಾಲ್ಲೂಕಿಗೆ ಸೇರಿದ್ದರೂ ಅದಕ್ಕೆ ಪ್ರತ್ಯೇಕ ಶೈಕ್ಷಣಿಕ ವಲಯವಿದೆ. ನಿಮ್ಮ ಊರಿನ ಶಾಲೆ ಯಾವ ಬಿಇಒ ಕಚೇರಿಗೆ ಸೇರುತ್ತದೆ ಎಂದು ವಿಚಾರಿಸಿಕೊಂಡರೆ ಒಂದು ದಿನದ ಬಸ್ ಪ್ರಯಾಣವೂ ಒಂದು ದಿನದ ಕೂಲಿಯೂ ಉಳಿಯುತ್ತವೆ.

ಶಾಲೆಯ ಮಟ್ಟದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇರುತ್ತದೆ. ಕಾಯಿದೆಯ ಪ್ರಕಾರ ಈ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕು. ಸುತ್ತಲಿನ ಎಲ್ಲ ಮಕ್ಕಳೂ ದಾಖಲಾಗಿದ್ದಾರೆಯೇ ಎಂದು ನೋಡುವುದು, ಯಾವುದೇ ಮಗುವಿಗೆ ಪ್ರವೇಶ ನಿರಾಕರಣೆಯಾದರೆ ಅದನ್ನು ಪ್ರಾಧಿಕಾರದ ಗಮನಕ್ಕೆ ತರುವುದು ಅದರ ಕೆಲಸ. ಸಭೆಗೆ ಹೋಗಿ ಚಹಾ ಕುಡಿದು ಸಹಿ ಹಾಕಿ ಬರುವ ಸದಸ್ಯರು ಈ ಅಧಿಕಾರವನ್ನು ಮರೆತಿರುತ್ತಾರೆ. ಏಪ್ರಿಲ್ ರಜೆಗೆ ಮುನ್ನವೇ ಒಂದು ಸಭೆ ಕರೆದು, ಅಂಗನವಾಡಿಯ ಪಟ್ಟಿಯನ್ನು ತರಿಸಿ, ಈ ವರ್ಷ ಒಂದನೇ ತರಗತಿಗೆ ಬರಬೇಕಾದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದಿಸುವುದು ಒಳ್ಳೆಯ ಪದ್ಧತಿ. ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರದ ಮಗು ಊರಿನಲ್ಲಿ ಇರುವುದು ಅಪರೂಪ.

ವಯಸ್ಸಿನ ವಿಚಾರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಪೋಷಕರು ಪಟ್ಟ ಪಾಡು ದೊಡ್ಡದು. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ಅದೇ ವರ್ಷ ಅದರ ಜಾರಿಯನ್ನು 2025–26ನೇ ಸಾಲಿಗೆ ಮುಂದೂಡಿತು. ಆ ಸಾಲು ಬಂದಾಗ, 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ತುಂಬಿದ ಮಕ್ಕಳಿಗೂ ಅವಕಾಶ ನೀಡುವುದಾಗಿ ಪ್ರಕಟಿಸಿತು. ಕಳೆದ ವರ್ಷ ನೆರೆಮನೆಯ ಮಗುವಿಗೆ ಅನ್ವಯಿಸಿದ ನಿಯಮ ಈ ವರ್ಷ ನಿಮ್ಮ ಮಗುವಿಗೆ ಅನ್ವಯಿಸುತ್ತದೆ ಎಂದು ಭಾವಿಸಬಾರದು ಎಂಬುದನ್ನು ಈ ಸರಣಿಯೇ ತೋರಿಸುತ್ತದೆ. ಆಯಾ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಓದುವುದೇ ಸರಿಯಾದ ಕ್ರಮ. ಮಗುವನ್ನು ಎಲ್‌ಕೆಜಿಗೆ ಸೇರಿಸುವಾಗಲೇ ಈ ಲೆಕ್ಕ ಹಾಕಬೇಕು. ಅಲ್ಲಿ ನಾಲ್ಕು ತುಂಬದೆ ಸೇರಿಸಿದರೆ ಎರಡು ವರ್ಷದ ನಂತರ ಒಂದನೇ ತರಗತಿಯ ಬಾಗಿಲಲ್ಲಿ ಆರು ತುಂಬಿರುವುದಿಲ್ಲ.

ಶಾಲೆಯ ದೂರದ ವಿಚಾರ ಮಲೆನಾಡಿನಲ್ಲಿ ಬಯಲುಸೀಮೆಯಂತಲ್ಲ. ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟನೇ ತರಗತಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಸಾಮಾನ್ಯ ಅಳತೆ. ಕಡೂರಿನ ತೆಂಗಿನ ತೋಟಗಳ ನಡುವಿನ ಒಂದು ಕಿಲೋಮೀಟರ್ ಮತ್ತು ಕೊಪ್ಪ, ಶೃಂಗೇರಿಯ ಕಡೆ ಆಷಾಢದ ಮಳೆಯಲ್ಲಿ ಹಳ್ಳ ದಾಟಿ ಹತ್ತಬೇಕಾದ ಒಂದು ಕಿಲೋಮೀಟರ್ ಒಂದೇ ಅಲ್ಲ ಎಂಬುದು ಇಲ್ಲಿನ ಪ್ರತಿ ತಾಯಿಗೂ ಗೊತ್ತು. ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹ, ರಸ್ತೆಯ ಕೊರತೆ ಇರುವಲ್ಲಿ ಈ ಮಿತಿಯನ್ನು ಕಡಿಮೆ ಮಾಡಬೇಕೆಂದೂ, ಶಾಲೆ ತೆರೆಯಲಾಗದಷ್ಟು ಚಿಕ್ಕ ಜನವಸತಿಗಳ ಮಕ್ಕಳಿಗೆ ಸಾರಿಗೆ ಅಥವಾ ವಸತಿಯ ಏರ್ಪಾಡು ಮಾಡಬೇಕೆಂದೂ ಕಾಯಿದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಹೇಳುತ್ತವೆ. ಆದ್ದರಿಂದ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ಕೊಚ್ಚಿಹೋದ ದಾರಿಯ ಬಗ್ಗೆ ಅರ್ಜಿ ಬರೆಯುವಾಗ 'ಶಾಲೆ ದೂರವಾಗುತ್ತದೆ' ಎಂದಷ್ಟೇ ಬರೆಯದೆ, ಯಾವ ಹಳ್ಳ, ವರ್ಷದ ಯಾವ ತಿಂಗಳುಗಳಲ್ಲಿ ದಾಟಲಾಗದು, ಆ ಕಡೆಯಿಂದ ಎಷ್ಟು ಮಕ್ಕಳು ಬರಬೇಕು ಎಂದು ವಿವರವಾಗಿ ಬರೆಯಬೇಕು.

ದಾಖಲೆಗಳ ಕೊರತೆಯ ಕಾರಣಕ್ಕೆ ಯಾವ ಮಗುವನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು 14ನೇ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಜನನ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಸ್ಪತ್ರೆಯ ಅಥವಾ ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ಪೋಷಕರ ಸ್ವಂತ ಘೋಷಣೆ ಸಾಕು. ಆಧಾರ್ ಇಲ್ಲವೆಂದು ಮಗುವಿಗೆ ಶಾಲಾ ಪ್ರವೇಶವನ್ನು ತಪ್ಪಿಸಲಾಗದು ಎಂಬುದು ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ ಬಂದಿದೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ, ಸಂದರ್ಶನಗಳಿಗೆ ಒಳಪಡಿಸುವುದನ್ನು 13ನೇ ಪ್ರಕರಣ ನಿಷೇಧಿಸಿದ್ದು, ಮೊದಲ ಬಾರಿಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ಬಾರಿಗೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಕ್ಯಾಪಿಟೇಷನ್ ಶುಲ್ಕ, ಅಂದರೆ ನಿಗದಿತ ಶುಲ್ಕದ ಹೊರತಾದ ವಂತಿಗೆ, ಪಡೆದರೆ ಅದರ ಹತ್ತು ಪಟ್ಟುವರೆಗೆ ದಂಡ. ಈ ನಿಷೇಧ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುವ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ದಾರಿ ಬೇರೆ. ಅವುಗಳ ಅಧಿಸೂಚನೆಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು.

ಖಾಸಗಿ ಶಾಲೆಗಳಲ್ಲಿ 'ಆರ್‌ಟಿಇ ಸೀಟು', ಅಂದರೆ ಶಿಕ್ಷಣ ಹಕ್ಕು ಕಾಯಿದೆಯಡಿಯ ಸೀಟು, ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಶೇ 25ರಷ್ಟು ಸೀಟು ಮೀಸಲಿಡುವ ನಿಯಮ ಕಾಯಿದೆಯಲ್ಲಿದೆ. ಆದರೆ ಕರ್ನಾಟಕ 2019ರಲ್ಲಿ ತನ್ನ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆಯಲ್ಲಿ ಈ ಸೀಟುಗಳಿಗೆ ಮಕ್ಕಳನ್ನು ಕಳಿಸುವ ಅಗತ್ಯವಿಲ್ಲ ಎಂದಿತು. ಹೈಕೋರ್ಟ್ ಅದೇ ವರ್ಷ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಮ್ಮ ಜಿಲ್ಲೆಯ ಬಹುಪಾಲು ಊರುಗಳಲ್ಲಿ ಸರ್ಕಾರಿ ಶಾಲೆ ಇರುವುದರಿಂದ ಈ ದಾರಿ ತುಂಬಾ ಕಿರಿದಾಗಿದೆ.

ಈಗ ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಕಾರರ ಸಾಲುಮನೆಗಳ ಕಡೆಗೆ ಬರೋಣ. ಈ ಲೇಖನ ಬರೆಯಲು ಕೂತದ್ದೇ ಅಲ್ಲಿನ ಮಕ್ಕಳಿಗಾಗಿ. ಜೂನ್‌ನಲ್ಲಿ ದಾಖಲಾತಿ ಮುಗಿದು, ಶಾಲೆ ತನ್ನ ಲಯಕ್ಕೆ ಬಂದ ಮೇಲೆ, ನವೆಂಬರ್, ಡಿಸೆಂಬರ್‌ನಲ್ಲಿ ಹಣ್ಣು ಕೊಯ್ಲು ಶುರುವಾಗುತ್ತದೆ. ಆಗ ಮೂಡಿಗೆರೆ, ಸಕಲೇಶಪುರ, ಬೇಲೂರಿನ ತೋಟಗಳಿಗೆ ಉತ್ತರ ಕರ್ನಾಟಕದಿಂದಲೂ ದೂರದ ಅಸ್ಸಾಂನಿಂದಲೂ ಕುಟುಂಬಗಳು ಬಂದಿಳಿಯುತ್ತವೆ. ತಾಯಿ ತಂದೆ ಬುಟ್ಟಿ ಕಟ್ಟಿಕೊಂಡು ಗಿಡಗಳ ಸಾಲಿಗೆ ಇಳಿದರೆ, ಎಂಟು ವರ್ಷದ ಹುಡುಗಿ ಲೈನ್ ಮನೆಯ ಮುಂದೆ ತಮ್ಮನನ್ನು ಎತ್ತಿಕೊಂಡು ನಿಂತಿರುತ್ತಾಳೆ. ಅವಳ ಹೆಸರು ಊರಿನ ಶಾಲೆಯ ಹಾಜರಿಯಲ್ಲಿ ಇನ್ನೂ ಇರಬಹುದು, ಇಲ್ಲಿಯ ಹಾಜರಿಯಲ್ಲಿ ಇಲ್ಲ. ಎಸ್‌ಡಿಎಂಸಿಯಲ್ಲಿ ಇದ್ದ ವರ್ಷಗಳಲ್ಲಿ ಇಂಥ ಮಕ್ಕಳನ್ನು ಕಂಡೂ 'ಮಾರ್ಚ್‌ಗೆ ಹೋಗಿಬಿಡುತ್ತಾರಲ್ಲ' ಎಂದು ನಾವು ಸುಮ್ಮನಿದ್ದೆವು. ಅದು ತಪ್ಪು ಎಂದು ಈಗ ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಕಾನೂನು ಇಲ್ಲಿ ಮಗುವಿನ ಪರವಾಗಿದೆ. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಪ್ರವೇಶ ನಿರಾಕರಿಸಬಾರದು ಎಂದು 15ನೇ ಪ್ರಕರಣ ಹೇಳುತ್ತದೆ. ಓದು ಬಿಟ್ಟುಹೋಗಿದ್ದರೂ, ಶಾಲೆಯನ್ನೇ ಕಾಣದಿದ್ದರೂ, ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಜೊತೆ ಸರಿಸಮವಾಗಲು ವಿಶೇಷ ತರಬೇತಿ ಕೊಡಬೇಕು ಎಂದು 4ನೇ ಪ್ರಕರಣ ವಿಧಿಸುತ್ತದೆ. ಹತ್ತು ವರ್ಷದ ಹುಡುಗನನ್ನು ಒಂದನೇ ತರಗತಿಯ ಚಿಕ್ಕ ಮಕ್ಕಳ ನಡುವೆ ಕೂರಿಸಿ ಅವನನ್ನು ನಾಚಿಸುವ ಹಳೆಯ ರೂಢಿಗೆ ಇನ್ನು ಸ್ಥಳವಿಲ್ಲ. ಕನ್ನಡ ಬಾರದ ಮಗುವಿನ ವಿಷಯದಲ್ಲಿ ಶಿಕ್ಷಕರಿಗೆ ನಿಜವಾದ ಕಷ್ಟವಿದೆ, ಅದನ್ನು ಒಪ್ಪಬೇಕು. ಆದರೆ ಆ ಕಷ್ಟವನ್ನು ಸಿಆರ್‌ಪಿ ಮೂಲಕ ಬಿಇಒ ಕಚೇರಿಗೆ ತಿಳಿಸಿ ನೆರವು ಕೇಳಬೇಕೇ ಹೊರತು, ಮಗುವನ್ನು ಹೊರಗೆ ನಿಲ್ಲಿಸಬಾರದು.

ಇದನ್ನು ಕೊಯ್ಲಿಗೆ ಮೊದಲೇ ಹೀಗೆ ಏರ್ಪಡಿಸಬಹುದು. ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿ ಮತ್ತು ಗ್ರಾಮ ಪಂಚಾಯಿತಿ ಒಟ್ಟಾಗಿ ತಮ್ಮ ವ್ಯಾಪ್ತಿಯ ತೋಟಗಳ ಪಟ್ಟಿ ಮಾಡಿ, ಕುಟುಂಬಗಳು ಬಂದ ವಾರದಲ್ಲೇ ಮಕ್ಕಳ ಹೆಸರು, ವಯಸ್ಸು, ಹಿಂದಿನ ಶಾಲೆ ಬರೆದು ಕಳಿಸುವಂತೆ ತೋಟದ ಮಾಲೀಕರಿಗೂ ಲೆಕ್ಕ ಬರೆಯುವ ರೈಟರ್‌ಗಳಿಗೂ ತಿಳಿಸಬೇಕು. ತೋಟದ ರೈಟರ್‌ಗೆ ಪ್ರತಿ ಲೈನ್ ಮನೆಯ ಲೆಕ್ಕ ಗೊತ್ತಿರುತ್ತದೆ. ಆಳುಗಳ ಹಾಜರಿ ಬರೆಯುವವರೇ ಮಕ್ಕಳ ಹೆಸರನ್ನೂ ಬರೆದರೆ ಪಂಚಾಯಿತಿಯ ಅರ್ಧ ಕೆಲಸ ಮುಗಿದಂತೆ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನು ಓದಿ ದಾಖಲಿಸಬೇಕು. ಕುಟುಂಬ ಮರಳಿ ಹೋಗುವಾಗ ಹಾಜರಾತಿಯ ವಿವರವಿರುವ ಪತ್ರವನ್ನು ತಾಯಿಯ ಕೈಗೆ ಕೊಟ್ಟು ಕಳಿಸಬೇಕು.

ವರ್ಗಾವಣೆ ಪತ್ರ, ಅಂದರೆ ಟಿ.ಸಿ. ಇಲ್ಲವೆಂಬ ಅಡ್ಡಿಯೂ ಆಗಾಗ ಬರುತ್ತದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಲು ಮಗುವಿಗೆ ಹಕ್ಕಿದ್ದು, ಹಿಂದಿನ ಶಾಲೆ ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ಸ್ಯಾಟ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಪೋಷಕರು ಬರೆದಿಟ್ಟುಕೊಂಡರೆ ಹೊಸ ಶಾಲೆಯವರಿಗೆ ಮಗುವಿನ ದಾಖಲೆಯನ್ನು ಹುಡುಕುವುದು ಸುಲಭವಾಗುತ್ತದೆ. ಹೊಸ ಶಾಲೆಯ ಹೆಸರಿಗೆ ಸ್ಯಾಟ್ಸ್‌ನಲ್ಲಿಯೂ ವರ್ಗವಾಗಿದೆಯೇ ಎಂದು ಒಂದು ವಾರದ ನಂತರ ವಿಚಾರಿಸುವುದನ್ನು ಮರೆಯಬಾರದು, ಏಕೆಂದರೆ ಶಾಲೆಗೆ ಎಷ್ಟು ಶಿಕ್ಷಕರು ಬೇಕೆಂಬ ಲೆಕ್ಕ ಅಲ್ಲಿನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯಿದೆಯ ಅನುಸೂಚಿಯಲ್ಲಿರುವ ಪ್ರಮಾಣ. ಮಲೆನಾಡಿನ ಅನೇಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿದಿರುವಾಗ, ಸಕಾಲದಲ್ಲಿ ದಾಖಲಾದ ನಾಲ್ಕು ತೋಟದ ಮಕ್ಕಳು ಆ ಶಾಲೆಗೂ ಬಲ ತರುತ್ತಾರೆ.

ಇಷ್ಟಾದರೂ ಪ್ರವೇಶ ಸಿಗದಿದ್ದರೆ, ಬಾಯಿಮಾತಿನ ಜಗಳಕ್ಕೆ ಹೋಗದೆ ನಿರಾಕರಣೆಯ ಕಾರಣವನ್ನು ಬರೆದು ಕೊಡುವಂತೆ ಶಾಲೆಯನ್ನು ಕೇಳಬೇಕು. ಬರೆದು ಕೊಡಬೇಕಾದಾಗ ಎಷ್ಟೋ ನಿರಾಕರಣೆಗಳು ಅಲ್ಲಿಯೇ ಕರಗುತ್ತವೆ. ಆಗಲೂ ಒಪ್ಪದಿದ್ದರೆ ಎಸ್‌ಡಿಎಂಸಿಗೂ ಬಿಇಒ ಕಚೇರಿಗೂ ಲಿಖಿತ ದೂರು ಕೊಡಬಹುದು. 32ನೇ ಪ್ರಕರಣದ ಪ್ರಕಾರ ಸ್ಥಳೀಯ ಪ್ರಾಧಿಕಾರ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗು ದುಡಿಮೆಗೆ ಸಿಕ್ಕಿಕೊಂಡಿದ್ದರೆ 1098ಕ್ಕೆ ಕರೆ ಮಾಡಬೇಕು. ದೂರಿನ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ಮೂರು ತಿಂಗಳ ಎಣಿಕೆಗೆ ನಿಮ್ಮ ಕೈಯಲ್ಲಿ ಆಧಾರವಾಗುವುದು ಆ ದಿನಾಂಕವೇ.