ವೈರ್ ಕಾಯಿಲ್ ಒಳಗಿನ ಕೂಪನ್: ಎಲೆಕ್ಟ್ರಿಷಿಯನ್ ಒಬ್ಬನ ಪಾಯಿಂಟ್ ಲೆಕ್ಕ

ತುಮಕೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು ನಾನು. ರಿವಾರ್ಡ್ ಪಾಯಿಂಟ್ ಅಂದರೆ ಜಾಸ್ತಿ ಜನಕ್ಕೆ ಕ್ರೆಡಿಟ್ ಕಾರ್ಡೋ ಸೂಪರ್ ಮಾರ್ಕೆಟ್ಟೋ ನೆನಪಾಗುತ್ತದೆ. ನಮ್ಮ ಕಸುಬಿನಲ್ಲಿ ಅದು ಮಾಲಿನ ಜೊತೆಗೇ ಬರುತ್ತದೆ. 90 ಮೀಟರ್ ವೈರ್ ಕಾಯಿಲ್ ಬಿಚ್ಚಿದರೆ ಒಳಗೊಂದು ಚಿಕ್ಕ ಕೂಪನ್, ಅದರ ಮೇಲೆ ಕ್ಯೂಆರ್ ಕೋಡ್. ಕಂಪನಿಯ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಯಿಂಟ್ ಬರುತ್ತದೆ. ಪಾಲಿಕ್ಯಾಬ್‌ನವರು ಇದಕ್ಕೆಂದೇ ಎಕ್ಸ್‌ಪರ್ಟ್ಸ್ ಅನ್ನುವ ಆಪ್ ಇಟ್ಟಿದ್ದಾರೆ. ಮರಗೆಲಸದವರಿಗೆ ಫೆವಿಕಾಲ್ ಚಾಂಪಿಯನ್ಸ್ ಕ್ಲಬ್ ಇದೆ, ಪೇಂಟರ್‌ಗಳಿಗೆ ಪೇಂಟ್ ಡಬ್ಬದ ಟೋಕನ್. ಯಾವ ಬ್ರ್ಯಾಂಡ್ ತರಲಿ ಅಂತ ಮನೆ ಓನರ್ ಕೇಳುವುದು ನಮ್ಮನ್ನೇ ಅಲ್ವಾ, ಕಂಪನಿಯವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕುವುದು ಅದಕ್ಕೇ.

ಪಾಯಿಂಟ್‌ನ ಸಂಖ್ಯೆ ನೋಡಿ ನಾನು ಯಾವತ್ತೂ ಖುಷಿಪಡುವುದಿಲ್ಲ. ಮೊದಲು ರೂಪಾಯಿಗೆ ತಿರುಗಿಸುತ್ತೇನೆ. ಒಂದು ಆಪ್‌ನಲ್ಲಿ ಒಂದು ಪಾಯಿಂಟ್‌ಗೆ ಒಂದು ರೂಪಾಯಿ, ಇನ್ನೊಂದರಲ್ಲಿ ಕಾಲು ರೂಪಾಯಿ ಇರಬಹುದು. ಎಸ್‌ಬಿಐ ರಿವಾರ್ಡ್ಸ್‌ನಲ್ಲೂ ಒಂದು ಪಾಯಿಂಟ್ ಅಂದರೆ 25 ಪೈಸೆ, 4,000 ಪಾಯಿಂಟ್ ಇದ್ದರೆ ಸಾವಿರ ರೂಪಾಯಿ ಅಷ್ಟೆ. ಆಮೇಲೆ ಎಕ್ಸ್‌ಪೈರಿ ತಾರೀಕು ನೋಡಿ ಫೋನಿನ ಕ್ಯಾಲೆಂಡರ್‌ಗೆ ಹಾಕಿಬಿಡುತ್ತೇನೆ.

ಇನ್ನು ಕೂಪನ್ ಯಾರಿಗೆ ಸೇರಬೇಕು ಅನ್ನುವ ವಿಷಯ. ದುಡ್ಡು ಕೊಟ್ಟು ವೈರ್ ತರುವವರು ಓನರ್, ಒಳಗಿನ ಕೂಪನ್ ಮಾತ್ರ ನನಗೆ. ಇದನ್ನು ಮುಚ್ಚಿಟ್ಟರೆ ಎಷ್ಟೇ ನಿಯತ್ತಾಗಿ ಕೆಲಸ ಮಾಡಿದರೂ ಅನುಮಾನ ತಪ್ಪಲ್ಲ. ನಮ್ಮೂರಿನ ಬಟವಾಡಿ ಕಡೆ ಒಂದು ಮನೆ ಕೆಲಸ ಹಿಡಿದಾಗ ಅಲ್ಲಿನ ಯಜಮಾನರು ನೇರವಾಗಿಯೇ ಕೇಳಿದರು: "ಏನಪ್ಪಾ, ನೀನು ಈ ಕಂಪನಿದು ಹೇಳ್ತಿರೋದು ವೈರ್ ಚೆನ್ನಾಗಿದೆ ಅಂತಲೋ, ನಿನ್ ಪಾಯಿಂಟ್ ಚೆನ್ನಾಗಿದೆ ಅಂತಲೋ?" ನಾನು ಫೋನ್ ತೆಗೆದು ಆಪನ್ನೇ ತೋರಿಸಿದೆ. "ನೋಡಿ ಸಾರ್, ಒಂದು ಕಾಯಿಲ್‌ಗೆ ನನಗೆ ಬರೋದು ಇಷ್ಟು. ಇವೆರಡು ಕಂಪನಿದು ರೇಟ್ ಬರ್ಕೊಡ್ತೀನಿ, ಎರಡಕ್ಕೂ ಐಎಸ್‌ಐ ಮಾರ್ಕ್ ಇದೆ, ಯಾವುದಾದ್ರೂ ಹೇಳಿ." ಅವರು ನಗುತ್ತಾ ಇನ್ನೊಂದು ಕಂಪನಿಯದ್ದನ್ನೇ ಆರಿಸಿದರು! ಪರವಾಗಿಲ್ಲ, ಅದರಲ್ಲೂ ಕೂಪನ್ ಇತ್ತು, ಎದುರಿಗೇ ಸ್ಕ್ಯಾನ್ ಮಾಡಿದೆ. ಅವತ್ತಿಂದ ಎಸ್ಟಿಮೇಟ್ ಕೊಡುವಾಗಲೇ ಕೂಪನ್ ವಿಷಯ ಹೇಳಿಬಿಡುತ್ತೇನೆ. ಲೈಟಿಗೆ 1.5 ಚದರ ಎಂಎಂ ವೈರ್, ಗೀಸರ್‌ಗೆ 4 ಚದರ ಎಂಎಂ ಅನ್ನುವುದು ಮಾತ್ರ ಯಾವ ಪಾಯಿಂಟ್‌ಗೂ ಬದಲಾಗಲ್ಲ. ಪಾಯಿಂಟ್ ಆಸೆಗೆ ಒಂದು ಕಾಯಿಲ್ ಹೆಚ್ಚಿಗೆ ಬರೆಯುವವರೂ ಇದ್ದಾರೆ, ಅವರಿಗೆ ಎರಡನೇ ಕೆಲಸ ಅದೇ ರಸ್ತೆಯಲ್ಲಿ ಸಿಗುವುದಿಲ್ಲ.

ಕೂಪನ್ ಸಿಕ್ಕ ಜಾಗದಲ್ಲೇ ಸ್ಕ್ಯಾನ್ ಮಾಡಬೇಕು. ಜೇಬಿನಲ್ಲಿಟ್ಟರೆ ಸಿಮೆಂಟ್ ಧೂಳು, ಬೆವರು ಸೇರಿ ಕೋಡ್ ಅಳಿಸಿಹೋಗುತ್ತದೆ. ಒಂದು ಕೋಡ್ ಒಂದೇ ಸಲ ನಡೆಯುವುದು. ಒಮ್ಮೆ ಹೊಸ ಪ್ಯಾಕೆಟ್ ಬಿಚ್ಚಿ ಸ್ಕ್ಯಾನ್ ಮಾಡಿದರೆ "ಈಗಾಗಲೇ ಬಳಸಲಾಗಿದೆ" ಅಂತ ಬಂತು, ಕಸ್ಟಮರ್ ಕೇರ್‌ಗೆ ಫೋಟೊ ಕಳಿಸಿ ಎಷ್ಟು ಕಾದರೂ ಉತ್ತರವಿಲ್ಲ. ಈಗ ಪ್ಯಾಕೆಟ್ ಬಿಚ್ಚುವ ಮುಂಚೆ ಸೀಲ್ ನೋಡುವುದು ಅಭ್ಯಾಸವಾಗಿದೆ.

ಗಿಫ್ಟ್‌ಗಿಂತ ದುಡ್ಡು ಮೇಲು. ಆಪ್‌ನಲ್ಲಿ ಮಿಕ್ಸಿ, ಟ್ರಾಲಿ ಬ್ಯಾಗ್, ವಾಚು ಎಲ್ಲ ತೋರಿಸುತ್ತಾರೆ, ಅದೇ ಮಾಲಿಗೆ ಹೊರಗೆ ರೇಟ್ ಕೇಳಿ ನೋಡಿದರೆ ಗೊತ್ತಾಗುತ್ತದೆ. ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳುವ ದಾರಿ ಇದ್ದರೆ ನಾನು ಅದನ್ನೇ ಹಿಡಿಯುತ್ತೇನೆ. ಡ್ರಿಲ್ಲಿಂಗ್ ಮಷಿನ್ ಒಂದು ಬಿಟ್ಟು, ಅದು ಹೇಗೂ ಬೇಕಿತ್ತು.

ಇಲ್ಲಿ ತೆರಿಗೆ ವಿಷಯವೂ ಇದೆ, ನಮ್ಮ ಹುಡುಗರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. 2022ರ ಜುಲೈ 1ರಿಂದ ಬಂದ ನಿಯಮ: ಕಸುಬಿನ ಲೆಕ್ಕದಲ್ಲಿ ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಲಾಭ ಬಂದರೆ, ಅದು ಗಿಫ್ಟ್ ಆದರೂ ಸರಿ, ಕಂಪನಿಯವರು ಶೇ 10ರಷ್ಟು ಟಿಡಿಎಸ್, ಅಂದರೆ ಮೊದಲೇ ಕಡಿತ ಮಾಡುವ ತೆರಿಗೆ, ಹಿಡಿಯಬೇಕು. ಪ್ಯಾನ್ ಕೊಡದಿದ್ದರೆ ಅದು ಶೇ 20. ಆಪ್‌ನವರು ಪ್ಯಾನ್ ಕೇಳುವುದು ಸುಮ್ನೆ ಅಲ್ಲ. ಹಿಡಿದ ದುಡ್ಡು ಪ್ಯಾನ್ ಲೆಕ್ಕಕ್ಕೆ ಜಮಾ ಆಗಿರುತ್ತದೆ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ.

"ನಿಮ್ಮ ಎಸ್‌ಬಿಐ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಆಪ್ ಹಾಕಿಕೊಳ್ಳಿ" ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಅನ್ನುವ ಆಪ್ ಫೈಲ್ ಬಂದರೆ ತೆರೆಯಲೇಬೇಡಿ, ಅದು ಮೋಸ. ಬ್ಯಾಂಕಿನವರು ಹಾಗೆ ಫೈಲ್ ಕಳಿಸುವುದೇ ಇಲ್ಲ.

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಗೆ ಮಾಲು ನೋಡಲು ರೈಲಿನಲ್ಲಿ ಹೋಗುತ್ತೇನೆ. ಅಲ್ಲಿ ರೇಟ್ ಸ್ವಲ್ಪ ಕಮ್ಮಿ, ನಿಜ. ಆದರೂ ದೊಡ್ಡ ಆರ್ಡರ್ ಕೊಡುವುದು ನಮ್ಮೂರಿನ ಅಂಗಡಿಗೇ. ಉಳಿದ ಕಾಯಿಲ್ ವಾಪಸ್ ತೆಗೆದುಕೊಳ್ಳುತ್ತಾರೆ, ಓನರ್ ದುಡ್ಡು ಕೊಡುವವರೆಗೆ ಬಾಕಿ ಬರೆದುಕೊಂಡು ಕಾಯುತ್ತಾರೆ. ಸೀಲ್ ಒಡೆದ ಪ್ಯಾಕೆಟ್ ಕೊಟ್ಟರೆ ಮಾತ್ರ ನಾನು ಅವರ ಹತ್ತಿರವೂ ತೆಗೆದುಕೊಳ್ಳಲ್ಲ. ಕೂಪನ್ ಹೋದರೆ ಹೋಗಲಿ, ಒಳಗೆ ಪೂರ್ತಿ 90 ಮೀಟರ್ ಇದೆಯೋ ಇಲ್ಲವೋ ಅಂತ ಅಳೆಯುತ್ತಾ ಕೂರುವವರು ಯಾರು?