ಜಗಳದ ಹೊತ್ತಿಗೆ ಮಕ್ಕಳು ಎಲ್ಲಿ ಹೋದರು?

ಸಿನಿಮಾ ಬಗ್ಗೆ ಬರೆಯುವುದು ನನ್ನ ಕೆಲಸ. ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಅಮೆರಿಕದ ಉಪನಗರಗಳ ಸಂಸಾರದ ಕಥೆಯಾದರೆ ಅದರಲ್ಲಿ ಒಂದು ಕಾಲಂ ಜಾಸ್ತಿ: ‘ಈಗ ಮಕ್ಕಳು ಎಲ್ಲಿ?’ ಪ್ರತಿ ದೃಶ್ಯಕ್ಕೂ ಚಿತ್ರ ಕೊಡುವ ಉತ್ತರವನ್ನಷ್ಟೇ ಬರೆದುಕೊಳ್ಳುತ್ತೇನೆ. ಪಕ್ಕದ ಮನೆಯಲ್ಲಿ. ಮಲಗಿದ್ದಾರೆ. ಸ್ಕೂಲಿಗೆ ಹೋಗಿದ್ದಾರೆ. ಚಿತ್ರ ಏನೂ ಹೇಳದಿದ್ದರೆ ಖಾಲಿ ಬಿಡುತ್ತೇನೆ, ಊಹೆ ಮಾಡಿ ತುಂಬುವುದಿಲ್ಲ.

ಈ ಕಾಲಂ ಶುರುವಾಗಿದ್ದು ಸ್ಯಾಮ್ ಮೆಂಡೆಸ್ ಅವರ ‘ರೆವಲ್ಯೂಷನರಿ ರೋಡ್’ (2008) ನೋಡುವಾಗ. 1950ರ ದಶಕ, ಕನೆಕ್ಟಿಕಟ್. ಫ್ರಾಂಕ್ ಮತ್ತು ಏಪ್ರಿಲ್ ವೀಲರ್ ದಂಪತಿಗೆ ಇಬ್ಬರು ಮಕ್ಕಳು. ಫ್ರಾಂಕ್ ತನ್ನ ಹುಟ್ಟುಹಬ್ಬದ ದಿನ ಆಫೀಸಿನ ಹುಡುಗಿಯ ಜೊತೆ ಕಾಲ ಕಳೆದು ಮನೆಗೆ ಬರುತ್ತಾನೆ. ಹೆಂಡತಿ, ಮಕ್ಕಳು ಕೇಕ್ ಇಟ್ಟುಕೊಂಡು ಹಾಡುತ್ತಾರೆ. ಅವನಿಗೆ ಹೊಟ್ಟೆಯಲ್ಲಿ ಸಂಕಟವಾಗಬೇಕು, ಅದಕ್ಕೆ ಮಕ್ಕಳು ಬೇಕು, ಕರೆಸಿದ್ದಾರೆ. ಗಂಡ ಹೆಂಡಿರು ಮನೆ ಹಾರಿಹೋಗುವಂತೆ ಜಗಳ ಆಡುವಾಗ ಮಕ್ಕಳು ಬೇಡ, ಸುಮ್ನೆ ಪಕ್ಕದ ಮನೆಗೆ ಕಳಿಸಿದ್ದಾರೆ. ಇದರ ಮೂಲ ರಿಚರ್ಡ್ ಯೇಟ್ಸ್ ಅವರ 1961ರ ಕಾದಂಬರಿ. ಅದರಲ್ಲಿ ಫ್ರಾಂಕ್ ಅಂಗಳದಲ್ಲಿ ಕಲ್ಲಿನ ದಾರಿ ಮಾಡಲು ಅಗೆಯುತ್ತಿದ್ದಾಗ ಮಗ ಸಲಿಕೆಯ ಹತ್ತಿರ ಕಾಲಿಡುತ್ತಾನೆ. ಗಾಬರಿಯಾದ ಅಪ್ಪ ಅವನಿಗೆ ಹೊಡೆಯುತ್ತಾನೆ. ಆ ಅಪ್ಪ ಎಂಥವನು ಅಂತ ನನಗೆ ಅಲ್ಲೇ ಗೊತ್ತಾಯಿತು.

ಮಕ್ಕಳು ಕಾಣದ ಈ ಖಾಲಿ ಮನೆಗಳು ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಆ ಉಪನಗರಗಳು ಎದ್ದಿದ್ದೇ ಮಕ್ಕಳಿಗಾಗಿ. ಯುದ್ಧ ಮುಗಿಸಿ ಬಂದವರು ಮದುವೆಯಾದರು, 1946ರಿಂದ ಊರ ತುಂಬಾ ಮಕ್ಕಳು ಹುಟ್ಟಿದರು. ಮರುವರ್ಷವೇ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಲೆವಿಟೌನ್ ಅನ್ನುವ ಉಪನಗರ ಕಟ್ಟಲು ಶುರು ಮಾಡಿದರು. ಅಲ್ಲಿನ ಮೊದಲ ಮನೆಗಳು ಬರೀ 750 ಚದರ ಅಡಿ, ಎರಡು ಮಲಗುವ ಕೋಣೆ. ಅಷ್ಟು ಚಿಕ್ಕ ಮನೆಯಲ್ಲಿ ಅಪ್ಪ ಅಮ್ಮ ಕಿರುಚಾಡಿದರೆ ಗೋಡೆಯಾಚೆ ಮಲಗಿದ ಮಗುವಿಗೆ ಕೇಳದೇ ಇರುತ್ತದಾ? ವೀಲರ್ ದಂಪತಿಯ ಮನೆ ಲೆವಿಟೌನ್‌ನದಲ್ಲ, ಒಪ್ಪುತ್ತೇನೆ. ಆದರೂ ‘ಮಲಗಿದ್ದಾರೆ’ ಅನ್ನುವ ಉತ್ತರ ಬಂದಾಗಲೆಲ್ಲ ನನಗೆ ಈ ಅಳತೆಯೇ ನೆನಪಾಗುತ್ತದೆ.

ಮಕ್ಕಳನ್ನು ಇಟ್ಟುಕೊಂಡು ಶೂಟಿಂಗ್ ಮಾಡುವುದು ಕಷ್ಟ, ನಿಜ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ತುಂಬಿದ, ಆರು ತುಂಬದ ಮಗು ಸೆಟ್‌ನಲ್ಲಿ ಆರು ಗಂಟೆ ಇರಬಹುದು, ಅದರಲ್ಲಿ ಕೆಲಸ ಮೂರೇ ಗಂಟೆ. ಒಳ್ಳೆಯ ನಿಯಮ, ಇರಲೇಬೇಕು. ಆದರೆ ಬಾಗಿಲ ಹಿಂದೆ ಒಂದು ಕೆಮ್ಮು ಕೇಳಿಸಲು, ತಾಯಿ ದನಿ ತಗ್ಗಿಸಿ ಆ ಕಡೆ ನೋಡಲು ಮಗು ಸೆಟ್‌ಗೆ ಬರಬೇಕಾಗಿಲ್ಲವಲ್ಲ.

ಮಾಡಬಹುದು ಅನ್ನುವುದಕ್ಕೆ ನಿಕೊಲಸ್ ರೇ ಅವರ ‘ಬಿಗ್ಗರ್ ದ್ಯಾನ್ ಲೈಫ್’ (1956) ಸಾಕು. ಕಾರ್ಟಿಸೋನ್ ಮಾತ್ರೆಯಿಂದ ತಲೆ ಕೆಟ್ಟ ಮೇಷ್ಟ್ರಾಗಿ ಜೇಮ್ಸ್ ಮೇಸನ್. ಲೆಕ್ಕ ಬಿಡಿಸುವ ತನಕ ಮಗನಿಗೆ ಊಟವಿಲ್ಲ ಅನ್ನುತ್ತಾನೆ. ತಾಯಿ ಕದ್ದು ಒಂದು ಲೋಟ ಹಾಲು ಕೊಡುತ್ತಾಳೆ, ಅದೂ ಅವನಿಗೆ ಗೊತ್ತಾಗುತ್ತದೆ. ಆ ಸಂಸಾರದ ಸಂಕಟವೆಲ್ಲ ಹುಡುಗನ ಮೈಮೇಲೇ ಬೀಳುತ್ತದೆ. ಆ ಚಿತ್ರ ನೋಡುವಾಗ ನನ್ನ ಕಾಲಮ್ಮಿನಲ್ಲಿ ಜಾಗ ಸಾಲಲಿಲ್ಲ.

ಕಾಲಂ ಖಾಲಿ ಇದ್ದರೆ ಚಿತ್ರ ಕೆಟ್ಟದ್ದು ಅಂತಲೂ ಅಲ್ಲ. ‘ದ ಸ್ವಿಮ್ಮರ್’ (1968) ಚಿತ್ರದ ನೆಡ್ ನೆರೆಯವರ ಈಜುಕೊಳಗಳಲ್ಲಿ ಒಂದೊಂದಾಗಿ ಈಜುತ್ತಾ ಮನೆ ಕಡೆ ಹೊರಡುತ್ತಾನೆ. ಹೆಣ್ಣುಮಕ್ಕಳು ಮನೆಯಲ್ಲಿ ಟೆನಿಸ್ ಆಡುತ್ತಿದ್ದಾರೆ ಅನ್ನುತ್ತಾನೆ. ನಮಗೆ ಅವರು ಕಾಣುವುದೇ ಇಲ್ಲ. ಅಲ್ಲಿ ಮಕ್ಕಳು ಇಲ್ಲದಿರುವುದೇ ಕಥೆ. ಹಾಗಾಗಿ ಖಾಲಿ ಜಾಗ ಕಂಡಾಗ, ಆ ಮನೆಯ ದೊಡ್ಡವರ ಬಾಯಲ್ಲಿ ಮಕ್ಕಳ ಸುದ್ದಿ ಬರುತ್ತದಾ ಅಂತ ಮೊದಲು ನೋಡುತ್ತೇನೆ, ವಿಮರ್ಶೆ ಬರೆಯುವುದು ಆಮೇಲೆ.